ಕೊಡಲಿಯಿಂದ ಜೋಳಿಗೆಗೆ

ಹರಿಹರದಲ್ಲಿ ತುಂಗಭದ್ರೆಯ ದಂಡೆಯ ಮೇಲೆ ನಿಂತವನಿಗೆ ಆಚೆಯ ದಡ ಕೂಗಳತೆಯ ದೂರ. ಆದರೆ ದೇಶಕ್ಕೆ ಸ್ವಾತಂತ್ರ್ಯ ಬಂದ ಕಾಲದಲ್ಲಿ ಆ ಕೂಗಳತೆಯೊಳಗೆ ಎರಡು ಸರ್ಕಾರಗಳಿದ್ದವು. ಈಚೆಗೆ ಮೈಸೂರು ಸಂಸ್ಥಾನ. ಆಚೆಗೆ ರಾಣೆಬೆನ್ನೂರಿನ ಸೀಮೆ, ಅದು ಮುಂಬಯಿ ಪ್ರಾಂತ. ಹೊಳೆಯ ಗುಂಟ ಕೆಳಕ್ಕೆ ಸಾಗಿದರೆ ಹರಪನಹಳ್ಳಿ ತಾಲ್ಲೂಕು. ಅದು ಬಳ್ಳಾರಿ ಜಿಲ್ಲೆಗೆ, ಎಂದರೆ ಮದರಾಸಿಗೆ ಸೇರಿದ್ದು. ಒಂದೇ ನೀರು ಕುಡಿಯುವ, ಒಂದೇ ಮಾತನಾಡುವ ಜನ ಹೆಂಡ ಕುಡಿದರೆ ಮಾತ್ರ ಮೂರು ಬೇರೆ ಬೇರೆ ಕಾನೂನುಗಳಿಗೆ ಉತ್ತರ ಹೇಳಬೇಕಾಗಿತ್ತು. ಮದರಾಸಿನಲ್ಲಿ ರಾಜಾಜಿಯವರು 1937ರಲ್ಲಿ ಸೇಲಂ ಜಿಲ್ಲೆಯಿಂದ ಆರಂಭಿಸಿದ ಪಾನನಿರೋಧ, ನಡುವೆ ಯುದ್ಧಕಾಲದಲ್ಲಿ ನಿಂತು, 1948ರ ವೇಳೆಗೆ ಪ್ರಾಂತವನ್ನೆಲ್ಲ ವ್ಯಾಪಿಸಿತು. ಮೈಸೂರಿನ ಕಾನೂನು 1948ರದು. ಮುಂಬಯಿಯದು 1949ರದು.

ದಾವಣಗೆರೆ, ಹರಿಹರಗಳ ಚರಿತ್ರೆಯನ್ನು ಬರೆಯುವವರು ಹರಿಹರೇಶ್ವರ ದೇವಾಲಯದ ಹೊಯ್ಸಳ ಶಾಸನಗಳಿಂದ ತೊಡಗಿ ಹತ್ತಿಯ ಗಿರಣಿಗಳವರೆಗೆ ಬಂದು ನಿಲ್ಲುವುದು ವಾಡಿಕೆ. ಕುಡಿತದ ಚರಿತ್ರೆಯನ್ನು ಯಾರೂ ಬರೆಯುವುದಿಲ್ಲ. ಕುಡಿತ ಬಿಟ್ಟವರ ಚರಿತ್ರೆಯನ್ನಂತೂ ಕೇಳುವುದೇ ಬೇಡ. ಬಿಡಿಸಿದವರ ಹೆಸರು ಅಲ್ಲಲ್ಲಿ ಸಿಕ್ಕೀತು, ಬಿಟ್ಟವರದು ಸಿಕ್ಕುವುದಿಲ್ಲ. ಬಿಟ್ಟವನಿಗೆ ಆಸರೆಯಾಗಿ ಯಾರು ನಿಂತರು, ಆ ಆಸರೆ ಯಾವ ಕಾಲದಲ್ಲಿ ಯಾವ ರೂಪ ತಾಳಿತು ಎಂಬುದೇ ಪ್ರಕೃತ ನನ್ನ ವಿಷಯ.

ಹಳೆಯ ಮೈಸೂರಿನಲ್ಲಿ ಹೆಂಡವೆಂದರೆ ಬಹುಮಟ್ಟಿಗೆ ಈಚಲು ಮರದ್ದು. ಹಳ್ಳದ ದಂಡೆ, ಕೆರೆಯ ಹಿಂದಣ ಜೌಗು, ಇಲ್ಲೆಲ್ಲ ಈಚಲ ವನಗಳು. ಮರಗಳ ಮೇಲೆ ಸರ್ಕಾರದ ಕಣ್ಣು; ಇಳಿಸುವವರು ಈಡಿಗರು; ಮಾರುವ ಹಕ್ಕು ಹರಾಜಿನಲ್ಲಿ ಕೂಗಿದ ಗುತ್ತಿಗೆದಾರನದು. ಭೂಕಂದಾಯದ ನಂತರ ಸಂಸ್ಥಾನದ ಬೊಕ್ಕಸ ತುಂಬುತ್ತಿದ್ದ ದೊಡ್ಡ ಬಾಬುಗಳಲ್ಲಿ ಅಬಕಾರಿಯೂ ಒಂದು. ಕುಡಿಯುವವನು ಸರ್ಕಾರಕ್ಕೆ ಒಳ್ಳೆಯ ಪ್ರಜೆ. ಅವನ ಹೆಂಡತಿ ಮಕ್ಕಳು ಮಾತ್ರ ಬೇರೆ ಮಾತು ಹೇಳುತ್ತಿದ್ದರು.

1927ರ ಆಗಸ್ಟಿನಲ್ಲಿ ಗಾಂಧೀಜಿ ದಾವಣಗೆರೆ, ಹರಿಹರಗಳಿಗೆ ಬಂದಿದ್ದರು. ಖಾದಿ, ಅಸ್ಪೃಶ್ಯತಾ ನಿವಾರಣೆಗಳ ಜೊತೆಗೆ ಪಾನನಿರೋಧವೂ ಅವರ ಕಾರ್ಯಕ್ರಮದ ಅವಿಭಾಜ್ಯ ಅಂಗವಾಗಿತ್ತಷ್ಟೆ. ಹನ್ನೆರಡು ವರ್ಷಗಳ ಮೇಲೆ, 1939ರಲ್ಲಿ, ಚಿತ್ರದುರ್ಗದ ಹತ್ತಿರದ ತುರುವನೂರಿನಲ್ಲಿ ಆ ಮಾತು ಕೊಡಲಿಯ ರೂಪ ತಾಳಿತು. ಕಾಂಗ್ರೆಸ್ಸಿನ ಸತ್ಯಾಗ್ರಹಿಗಳು ಸರ್ಕಾರದ ಈಚಲ ಮರಗಳನ್ನು ಕಡಿದರು. ಅರಣ್ಯ ಸತ್ಯಾಗ್ರಹವೆಂದು ಹೆಸರಾದ ಈ ಚಳವಳಿಯ ಮುಂದಾಳುಗಳಲ್ಲಿ ಚಿತ್ರದುರ್ಗದ ವಕೀಲ ಎಸ್. ನಿಜಲಿಂಗಪ್ಪನವರು ಒಬ್ಬರು. ಹರಪನಹಳ್ಳಿ ತಾಲ್ಲೂಕಿನ ಹಲುವಾಗಿಲಿನಲ್ಲಿ ಹುಟ್ಟಿ, ದಾವಣಗೆರೆಯಲ್ಲಿ ಓದಿದವರು; ಈ ನೆಲದ ಗುಣದೋಷಗಳನ್ನೆಲ್ಲ ಬಲ್ಲವರು. ಅವರಿಗೆ ಸೆರೆಮನೆಯಾಯಿತು, ವಕೀಲಿಯ ಸನ್ನದೂ ಹೋಯಿತು.

ಮರ ಕಡಿದವರ ಧೈರ್ಯ ದೊಡ್ಡದು. ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ನಾನು ಆ ಪ್ರಸಂಗವನ್ನು ನೆನೆದಾಗಲೆಲ್ಲ ಮನಸ್ಸು ಸತ್ಯಾಗ್ರಹಿಗಳ ಹಿಂದೆ ಹೋಗುವುದಿಲ್ಲ. ಮರ ಉರುಳಿದ ಸಂಜೆ ಎಂದಿನಂತೆ ಅತ್ತ ಹೆಜ್ಜೆ ಹಾಕಿದ ಕೂಲಿಯವನೊಬ್ಬನನ್ನು ಊಹಿಸಿಕೊಳ್ಳುತ್ತದೆ. ಅವನಿಗೆ ಮರವಿಲ್ಲ. ಕೈ ನಡುಗುತ್ತಿದೆ. ರಾತ್ರಿಯೆಲ್ಲ ನಿದ್ದೆಯಿಲ್ಲ. ಅವನಿಗೆ ಯಾರು ಏನು ಹೇಳಿದರು? ಈಡಿಗನಿಗಾದರೂ ಕಸುಬು ಹೋಯಿತೆಂದು ಮರುಗಿದವರಿದ್ದರು. ಇವನಿಗಾಗಿ ಮರುಗುವುದು ಯಾರಿಗೂ ಹೊಳೆದಂತೆ ಕಾಣುವುದಿಲ್ಲ. ಪಾಪವನ್ನು ಬಿಟ್ಟವನಿಗೆ ಸಹಾಯವೇಕೆ ಬೇಕು ಎಂಬುದು ಆ ಕಾಲದ ಭಾವನೆ.

ಚರಿತ್ರೆಯ ವಿನೋದವೊಂದಿದೆ. ಅದೇ 1939ರಲ್ಲಿ ಸಮುದ್ರದಾಚೆ ಅಮೆರಿಕದಲ್ಲಿ ಒಂದು ಪುಸ್ತಕ ಹೊರಬಿತ್ತು. ಅದರ ಹೆಸರು ‘ಆಲ್ಕೊಹಾಲಿಕ್ಸ್ ಅನಾನಿಮಸ್’. ಕನ್ನಡದಲ್ಲಿ ಹೇಳುವುದಾದರೆ ‘ಹೆಸರಿಲ್ಲದ ಕುಡುಕರು’. ಅಮೆರಿಕ ಅಷ್ಟರಲ್ಲಿ ಕೊಡಲಿ, ಕಾನೂನು ಎರಡನ್ನೂ ಮುಗಿಸಿ ಕುಳಿತಿತ್ತು. 1920ರಿಂದ 1933ರವರೆಗೆ ಇಡೀ ದೇಶಕ್ಕೆ ಪಾನನಿರೋಧ ಹೇರಿ, ಕಳ್ಳಸಾಗಣೆದಾರರನ್ನು ಕೋಟ್ಯಧೀಶರನ್ನಾಗಿ ಮಾಡಿ, ಕೈಚೆಲ್ಲಿತ್ತು. ಎರಡು ವರ್ಷಗಳ ಮೇಲೆ, 1935ರಲ್ಲಿ, ಓಹಾಯೋ ರಾಜ್ಯದ ಆಕ್ರನ್ ಎಂಬ ಊರಿನಲ್ಲಿ ಇಬ್ಬರು ಕುಡುಕರು ಭೇಟಿಯಾದರು. ಒಬ್ಬ ಬಿಲ್ ವಿಲ್ಸನ್, ಷೇರುಪೇಟೆಯವನು. ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತು. ವ್ಯವಹಾರಕ್ಕೆಂದು ಪರಊರಿಗೆ ಬಂದು, ವ್ಯವಹಾರ ಕೆಟ್ಟು, ಹೋಟೆಲಿನ ಪಾನಗೃಹದ ಸದ್ದು ಕಿವಿಗೆ ಬೀಳುತ್ತಿರಲು, ಇನ್ನೊಬ್ಬ ಕುಡುಕನ ಜೊತೆ ಮಾತನಾಡದಿದ್ದರೆ ತಾನು ಉಳಿಯುವುದಿಲ್ಲವೆಂದು ಅವನಿಗೆ ತೋರಿತು. ಸಿಕ್ಕವನು ಡಾಕ್ಟರ್ ಬಾಬ್ ಸ್ಮಿತ್, ಶಸ್ತ್ರವೈದ್ಯ. ಇಲ್ಲಿ ಗಮನಿಸಬೇಕಾದದ್ದು, ವಿಲ್ಸನ್ ಹೋದದ್ದು ಉಪದೇಶ ಮಾಡುವುದಕ್ಕಲ್ಲ. ತನ್ನನ್ನು ತಾನು ಉಳಿಸಿಕೊಳ್ಳುವುದಕ್ಕೆ. ಸಹಾಯ ಬೇಡುವವನೂ ಕೊಡುವವನೂ ಒಬ್ಬನೇ ಆದ ಆ ಘಳಿಗೆಯಿಂದ ಸಂಘ ಹುಟ್ಟಿತು. 1951ರಲ್ಲಿ ವಿಲ್ಸನ್ನನ ಹೆಂಡತಿ ಲೋಯಿಸ್ ಮುಂದಾಗಿ ಕುಡಿಯುವವರ ಮನೆಯವರಿಗಾಗಿ ‘ಅಲ್-ಅನಾನ್’ ಎಂಬ ಬೇರೊಂದು ಸಂಘಕ್ಕೂ ರೂಪ ಕೊಟ್ಟಳು. 1957ರಲ್ಲಿ ಮುಂಬಯಿಯಲ್ಲಿ ಮೂಲಸಂಘದ ಮೊದಲ ಶಾಖೆ ತಲೆಯೆತ್ತಿತು. ಮುಂಬಯಿಯಲ್ಲಿ ಆಗ ಪಾನನಿರೋಧ ಜಾರಿಯಲ್ಲಿತ್ತೆಂಬುದನ್ನು ಓದುಗರು ನೆನಪಿಡಬೇಕು. ಕಾನೂನು ಇದ್ದ ಊರಿನಲ್ಲಿಯೇ ಕುಡುಕರಿಗೆ ಸಂಘ ಬೇಕಾಯಿತು.

ಇತ್ತ ನಮ್ಮಲ್ಲಿ 1956ರಲ್ಲಿ ರಾಜ್ಯ ಒಂದಾಯಿತು. ಮೂರು ನಾಲ್ಕು ಕಡೆಯ ಕಾನೂನುಗಳನ್ನು ಒಂದು ಮಾಡಲು 1961ರ ಪಾನನಿರೋಧ ಕಾನೂನು ಬಂತು. ಸಂವಿಧಾನದ 47ನೆಯ ವಿಧಿಯ ಬೆಂಬಲವಂತೂ ಇದ್ದೇ ಇತ್ತು. ಆದರೆ ಹಿತ್ತಲಿನಲ್ಲಿ ಕಳ್ಳಭಟ್ಟಿ ಕುದಿಯಿತು, ಬೊಕ್ಕಸ ಬರಿದಾಯಿತು. 1967ರಲ್ಲಿ ಪಾನನಿರೋಧವನ್ನು ಸಡಿಲಿಸಿ ಅಬಕಾರಿ ಕಾನೂನನ್ನು ಜಾರಿಗೆ ತಂದರು. ಆಗ ಮುಖ್ಯಮಂತ್ರಿ ಯಾರು? ತುರುವನೂರಿನ ಅದೇ ನಿಜಲಿಂಗಪ್ಪನವರು. ಇದನ್ನು ಹೇಳಿ ಅವರನ್ನು ಹಂಗಿಸುವುದು ಸುಲಭ. ಹಲವರು ಹಂಗಿಸಿಯೂ ಇದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಕೊಡಲಿಯನ್ನು ಎತ್ತಿದ ಕೈಯೇ ಅದನ್ನು ಕೆಳಗಿಡಬೇಕಾಗಿ ಬಂದಾಗ ಆ ಕೈಗಾದ ನೋವನ್ನೂ ಊಹಿಸಬೇಕು. ನನ್ನ ಆಕ್ಷೇಪ ಬೇರೆಯದು. ಕಾನೂನು ಇದ್ದಾಗಲೂ ತೆಗೆದಾಗಲೂ ಅದು ನೋಡಿದ್ದು ಅಂಗಡಿಯನ್ನು, ಬಾಟಲಿಯನ್ನು, ತೆರಿಗೆಯನ್ನು. ಕುಡಿಯುವವನನ್ನು ಅದು ಆರೋಪಿಯಾಗಿ ಕಂಡಿತು, ಇಲ್ಲವೆ ಗಿರಾಕಿಯಾಗಿ ಕಂಡಿತು.

ಮುಂದಿನ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. 1981ರಲ್ಲಿ ಬೆಂಗಳೂರಿನಲ್ಲಿ ವಿಷದ ಸಾರಾಯಿಗೆ 300ಕ್ಕೂ ಹೆಚ್ಚು ಜನ ಬಲಿಯಾದರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಮರುವರ್ಷದ ಮೇ ತಿಂಗಳಲ್ಲಿ ಕಳ್ಳಸಾರಾಯಿ ಮತ್ತೆ ನೂರಾರು ಜನರನ್ನು ಕೊಂದಿತು. 2023-24ರಲ್ಲಿ ಅಬಕಾರಿಯಿಂದ ರಾಜ್ಯಕ್ಕೆ ಬಂದ ಹಣ 30,000 ಕೋಟಿ ರೂಪಾಯಿಗೂ ಮಿಕ್ಕಿದ್ದು. ಬಾಬು ಹಳೆಯದೇ, ಸೊನ್ನೆಗಳು ಮಾತ್ರ ಹೊಸವು.

ನನ್ನ ಸೋದರಮಾವನ ವಿಚಾರವನ್ನು ಇಲ್ಲಿ ಹೇಳಬೇಕಾಗಿದೆ. ಅವರು ಹರಿಹರದ ಒಂದು ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದರು. ಲೇತಿನ ಮುಂದೆ ನಿಂತರೆ ಕೂದಲೆಳೆಯಷ್ಟು ವ್ಯತ್ಯಾಸ ಬಾರದಂತೆ ಕಬ್ಬಿಣ ಕೆತ್ತುವ ಕೈ ಅದು. ಕೊನೆಕೊನೆಗೆ ಆ ಕೈಗೆ ಬೆಳಿಗ್ಗೆ ಚಹದ ಲೋಟ ಹಿಡಿಯುವುದಕ್ಕೆ ಬರುತ್ತಿರಲಿಲ್ಲ. ಕೆಲಸ ಹೋದ ಮೇಲೆ ಕುಡಿತ ಹತ್ತಿತೆಂದು ಬಂಧುಗಳು ಹೇಳುವುದುಂಟು, ಅದು ನಿಜವಲ್ಲ. ಕೆಲಸವಿದ್ದಾಗಲೇ ಇತ್ತು. ಪಾಳಿ ಬಿಟ್ಟ ಮೇಲೆ ಗೆಳೆಯರೊಂದಿಗೆ ಒಂದು ಗಳಿಗೆ ಎಂದು ಶುರುವಾದದ್ದು. ಕೆಲಸ ಹೋದ ಮೇಲೆ ಗೆಳೆಯರು ಚದುರಿದರು, ಗಳಿಗೆ ಮಾತ್ರ ಉಳಿಯಿತು.

ಮನೆಯವರು ಮಾಡದ ಉಪಾಯವಿಲ್ಲ. ಹರಿಹರೇಶ್ವರನ ಸನ್ನಿಧಿಯಲ್ಲಿ ಆಣೆ ಮಾಡಿಸಿದರು. ಆಣೆ ಹದಿನೇಳು ದಿನ ನಿಂತಿತು. ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ರೋಗಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು’ ಎಂದು ಅಂಟಿಸಿರುತ್ತಾರಲ್ಲ, ಅಂಥದೊಂದು ಕಡೆಯಿಂದ ಮಾತ್ರೆ ತಂದು ಅತ್ತೆ ಸಾರಿನಲ್ಲಿ ಬೆರೆಸಿದರು. ಆ ರಾತ್ರಿ ಮಾವ ಕುಡಿದು ಬಂದು ಉಂಡರು. ಮುಖ ಕೆಂಪೇರಿ, ಎದೆ ಡವಗುಟ್ಟಿ, ವಾಂತಿಯಾಗಿ, ಜೀವ ಹೋದಂತಾಗಿ ದಾವಣಗೆರೆಯ ಆಸ್ಪತ್ರೆಗೆ ಸಾಗಿಸಬೇಕಾಯಿತು. ಆ ಮಾತ್ರೆಗೂ ಒಂದು ಚರಿತ್ರೆಯಿದೆ. ರಬ್ಬರ್ ಕಾರ್ಖಾನೆಯ ಕೂಲಿಗಳು ಕುಡಿದರೆ ಮೈ ಕೆಡುತ್ತದೆಂದು 1930ರ ದಶಕದಲ್ಲಿ ಅಮೆರಿಕದ ವೈದ್ಯನೊಬ್ಬ ಗುರುತಿಸಿದ್ದ. 1940ರ ದಶಕದ ಕೊನೆಗೆ ಕೋಪನ್‌ಹೇಗನ್ನಿನ ಇಬ್ಬರು ಸಂಶೋಧಕರು ಅದೇ ಜಾತಿಯ ರಾಸಾಯನಿಕವನ್ನು ಔಷಧಿಯಾಗಿಸಿದರು. ಅದರ ಹೆಸರು ಡೈಸಲ್ಫಿರಾಮ್. ರೋಗಿ ತಾನೇ ಒಪ್ಪಿ, ತಿಳಿದು, ವೈದ್ಯರ ಕಣ್ಣೆದುರು ತೆಗೆದುಕೊಂಡರೆ ಅದು ಊರುಗೋಲು. ಗೊತ್ತಿಲ್ಲದಂತೆ ಅನ್ನದಲ್ಲಿ ಕಲಸಿದರೆ ಪ್ರಾಣಕ್ಕೆ ಕುತ್ತು. ಸಾರಿನಲ್ಲಿ ಬೆರೆಸಿದ ಅತ್ತೆಯನ್ನು ನಾನು ದೂರುವುದಿಲ್ಲ. ಆಕೆಗೆ ಬೇರೆ ಬಾಗಿಲು ತೋರಿಸಿದವರು ಯಾರಿದ್ದರು?

ಆಸ್ಪತ್ರೆಯಲ್ಲಿ ಆಕೆ ಕಲಿತ ಇನ್ನೊಂದು ಸಂಗತಿಯನ್ನು ಎಲ್ಲರೂ ತಿಳಿದಿರುವುದು ಒಳ್ಳೆಯದು. ದಿನಾ ಹೆಚ್ಚು ಕುಡಿಯುವವನು ಹಠ ಹಿಡಿದು ಒಮ್ಮೆಲೇ ನಿಲ್ಲಿಸಿದರೆ ನಡುಕ, ಬೆವರು, ನಿದ್ರಾಹೀನತೆಗಳಷ್ಟೇ ಅಲ್ಲ, ಒಂದೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನ ಬುದ್ಧಿ ಕದಡಿ, ಇಲ್ಲದ ಹಾವು ಹುಳುಗಳು ಕಾಣಬಹುದು. ಚಿಕಿತ್ಸೆ ಸಿಕ್ಕದಿದ್ದರೆ ಪ್ರಾಣವೂ ಹೋಗಬಹುದು. ದೆವ್ವ ಬಡಿಯಿತೆಂದು ಬೇವಿನ ಸೊಪ್ಪು ಹಿಡಿದು ಕೂಡುವ ಕಾಲ ಅದಲ್ಲ. ಮನೋವೈದ್ಯರು ಜಿಲ್ಲೆಯ ಆಸ್ಪತ್ರೆಯಲ್ಲೇ ಸಿಕ್ಕುವಂತಾದುದರ ಹಿಂದೆಯೂ ನಮ್ಮ ನೆರೆಯ ಬಳ್ಳಾರಿಯ ಪಾತ್ರವಿದೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಮಾವ ಹತ್ತು ಹನ್ನೆರಡು ದಿನ ಇದ್ದು, ಮೈ ಹಗುರಾಗಿ ಮನೆಗೆ ಬಂದರು. ಆಗ ನಾನು ನೋಡಲು ಹೋಗಿದ್ದೆ. ಪಡಸಾಲೆಯಲ್ಲಿ ಕುಳಿತಿದ್ದರು. ಮುಖದಲ್ಲಿ ಕಳೆ ಇತ್ತು, ಕಣ್ಣಿನಲ್ಲಿ ಮಾತ್ರ ಎಂಥದೋ ಅಂಜಿಕೆ.

“ಬಿಡೋದು ಕಷ್ಟ ಅಲ್ಲಪ್ಪಾ ತಮ್ಮಾ, ಬಿಟ್ಟು ಕುಂದ್ರೋದು ಕಷ್ಟ” ಎಂದರು. “ಸಂಜೀ ಆರರಿಂದ ಎಂಟರ ತನಕ ಎಲ್ಲಿ ಹೋಗ್ಲಿ ಹೇಳು? ಪೇಟೀಗೆ ಹೋದ್ರೆ ಅವರೇ ಸಿಗ್ತಾರೆ. ಮನ್ಯಾಗ ಕುಂತ್ರೆ ಎಲ್ಲಾರೂ ನನ್ನ ಕೈಯೇ ನೋಡ್ತಾರೆ.”

ಚರಿತ್ರೆಯಲ್ಲಿ ನಾನು ಹುಡುಕುತ್ತಿದ್ದ ಪ್ರಶ್ನೆಯನ್ನು ಲೇತ್ ಕೆಲಸದವರೊಬ್ಬರು ಎರಡು ಮಾತಿನಲ್ಲಿ ಹೇಳಿಬಿಟ್ಟಿದ್ದರು. ಕೊಡಲಿ ಮರವನ್ನು ತೆಗೆಯಿತು, ಕಾನೂನು ಅಂಗಡಿಯನ್ನು ತೆಗೆಯಿತು, ಆಸ್ಪತ್ರೆ ಮೈಯೊಳಗಿನ ವಿಷವನ್ನು ತೆಗೆಯಿತು. ಆರರಿಂದ ಎಂಟು ಹಾಗೆಯೇ ಉಳಿದಿತ್ತು.

ಕನ್ನಡದ ಮೇಷ್ಟ್ರಾದ ನನಗೆ ಈ ಹೊತ್ತಿನಲ್ಲಿ ಹನ್ನೆರಡನೆಯ ಶತಮಾನದ ಹೆಂಡದ ಮಾರಯ್ಯ ನೆನಪಾಗುವುದು ಸಹಜ. ‘ಧರ್ಮೇಶ್ವರಲಿಂಗ’ ಎಂಬ ಅಂಕಿತದ ಈ ವಚನಕಾರ ಹೆಂಡ ಮಾರುವ ಕಾಯಕದವನು. ದೊರೆತಿರುವ ವಚನಗಳು ಕೆಲವೇ. ಆದರೆ ಮಡಕೆ, ಹೆಂಡ, ಮತ್ತು, ತನ್ನ ಕಸುಬಿನ ಮಾತುಗಳನ್ನೇ ಹಿಡಿದು ಆತ ಅನುಭಾವ ಹೇಳುತ್ತಾನೆ. ಅವನನ್ನು ಅನುಭವ ಮಂಟಪದಿಂದ ಹೊರಗಿಡಲಿಲ್ಲವೆಂಬುದು ನನಗೆ ಅವನ ವಚನಗಳಷ್ಟೇ ಮುಖ್ಯ. ನಮ್ಮ ಕಾಲಕ್ಕೆ ಹತ್ತಿರದಲ್ಲಿ, ಹೆಂಡವನ್ನೇ ಮುಟ್ಟದ ಜಿ. ಪಿ. ರಾಜರತ್ನಂ ಅವರು ‘ರತ್ನನ ಪದಗಳ’ಲ್ಲಿ ಯೆಂಡ್ಕುಡ್ಕನಿಗೆ ನಾಲಗೆ ಕೊಟ್ಟರು. ಸಭ್ಯರ ಪಡಸಾಲೆಯಲ್ಲಿ ಕುಡುಕನ ಮಾತನ್ನು ಕೇಳುವಂತೆ ಮಾಡಿದ್ದು ಸಾಮಾನ್ಯ ಸಾಧನೆಯೇನಲ್ಲ. ಮಠಗಳಿಗೆ, ಪಕ್ಷಗಳಿಗೆ ಹೊಳೆಯುವ ಮೊದಲೇ ಅದು ಕಾವ್ಯಕ್ಕೆ ಹೊಳೆದಿತ್ತು.

ಮಠಕ್ಕೆ ಹೊಳೆದದ್ದು 1975ರಲ್ಲಿ. ಚಿತ್ತರಗಿ-ಇಳಕಲ್ಲ ಮಠದ ಮಹಾಂತ ಶಿವಯೋಗಿಗಳು (1930–2018) ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು, ಕೇರಿ ಕೇರಿ ತಿರುಗತೊಡಗಿದರು. ಜಂಗಮನ ಜೋಳಿಗೆ ನಮಗೆ ಹೊಸದಲ್ಲ. ಅದಕ್ಕೆ ಜೋಳ ಹಾಕಿ, ಹಿಟ್ಟು ಹಾಕಿ ಗೊತ್ತು. ಇವರು ಬೇಡಿದ್ದು ಕಾಳನ್ನಲ್ಲ. ನಿಮ್ಮ ಕುಡಿತ, ತಂಬಾಕು, ಜೂಜು, ಈ ಚಟಗಳನ್ನು ಜೋಳಿಗೆಗೆ ಹಾಕಿರಿ ಎಂದರು. ಇದು ಬರಿಯ ಚಮತ್ಕಾರವಲ್ಲ. ಗುಡಿಯಲ್ಲಿ ಆಣೆ ಮಾಡುವವನು ದೇವರಿಗೆ ಹೆದರಿ ಬಾಗುತ್ತಾನೆ. ಜೋಳಿಗೆಗೆ ಹಾಕುವವನು ದಾನಿಯಾಗಿ ನೆಟ್ಟಗೆ ನಿಲ್ಲುತ್ತಾನೆ. ಜನ್ಮದಲ್ಲಿ ಒಮ್ಮೆಯೂ ಯಾರಿಗೂ ಏನೂ ಕೊಡಲಾಗದ ಕೂಲಿಯವನಿಗೆ, ಕೊಡುವುದಕ್ಕೆ ನಿನ್ನಲ್ಲಿಯೂ ಒಂದಿದೆ ಎಂದ ಹಾಗಾಯಿತು. ‘ಮಹಾಂತ ಜೋಳಿಗೆ’ ಎಂದೇ ಅದು ಹೆಸರಾಯಿತು. ಅವರ ಹುಟ್ಟಿದ ದಿನವಾದ ಆಗಸ್ಟ್ 1ನ್ನು ಸರ್ಕಾರ ಈಗ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಅಂದು ಕಾಲೇಜುಗಳಲ್ಲಿ ಪ್ರತಿಜ್ಞೆ ಬೋಧಿಸುವ ಕೆಲಸ ನಮ್ಮ ಪಾಲಿನದು. ಪ್ರತಿಜ್ಞೆ ಮುಗಿದು ಹುಡುಗರು ಹೊರಗೆ ಗುಟ್ಕಾ ಅಂಗಡಿಯ ಮುಂದೆ ನಿಂತಿರುವುದನ್ನೂ ನಾವು ಕಾಣದೆ ಇಲ್ಲ. ಇರಲಿ.

ಜೋಳಿಗೆ ಮುಂದಿನ ಊರಿಗೆ ಹೋದ ಮೇಲೆ ಏನು? ಇದಕ್ಕೆ ಕನ್ನಡನಾಡಿನಲ್ಲಿ ಸಿಕ್ಕ ಉತ್ತರಗಳಲ್ಲಿ ಹೆಚ್ಚು ಹರಡಿದ್ದು ಧರ್ಮಸ್ಥಳದ್ದು. ಅಲ್ಲಿಯ ಗ್ರಾಮಾಭಿವೃದ್ಧಿ ಯೋಜನೆ ಹುಟ್ಟಿದ್ದು 1982ರಲ್ಲಿ. ಅದರ ಜೊತೆಗಾರನಾಗಿ ಬೆಳೆದ ಜನಜಾಗೃತಿ ವೇದಿಕೆ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತ ಬಂದು, ಅವುಗಳ ಸಂಖ್ಯೆ ಸಾವಿರವನ್ನು ಎಂದೋ ದಾಟಿತು. ನಮ್ಮ ದಾವಣಗೆರೆ, ಹರಿಹರ ತಾಲ್ಲೂಕುಗಳಿಗೂ ಶಿಬಿರಗಳು ಬಂದಿವೆ. ಊರಿನವರೇ ಒಂದು ಸಮಿತಿ ಮಾಡಿಕೊಂಡು ಕಲ್ಯಾಣ ಮಂಟಪವನ್ನೋ ಸಮುದಾಯ ಭವನವನ್ನೋ ಹಿಡಿಯುತ್ತಾರೆ. ಎಂಟು ದಿನ ಊಟ, ವಸತಿ, ವ್ಯಾಯಾಮ, ಭಜನೆ, ಮಾತು, ಔಷಧೋಪಚಾರ. ಒಂದು ದಿನ ಮನೆಯವರನ್ನೂ ಕರೆಸುತ್ತಾರೆ. ಭಜನೆ, ಉಪನ್ಯಾಸಗಳ ಹೊರೆ ಸ್ವಲ್ಪ ಹೆಚ್ಚೆಂದೇ ನನಗೆ ತೋರುತ್ತದೆ; ದೇವರನ್ನು ನಂಬದವನೂ ಕುಡಿಯುತ್ತಾನೆ, ಅವನಿಗೂ ಬಿಡಬೇಕೆನಿಸುತ್ತದೆ. ಆದರೆ ಶಿಬಿರದ ನಿಜವಾದ ಸತ್ವ ಎಂಟನೆಯ ದಿನದ ನಂತರ ತೋರುತ್ತದೆ. ಬಿಟ್ಟವರೆಲ್ಲ ಸೇರಿ ‘ನವಜೀವನ ಸಮಿತಿ’ ಕಟ್ಟಿಕೊಳ್ಳುತ್ತಾರೆ. ಗೊತ್ತಾದ ದಿನ ಸೇರುತ್ತಾರೆ, ಕಾಣದವನ ಮನೆಗೆ ಹೋಗಿ ವಿಚಾರಿಸುತ್ತಾರೆ. ನೂರನೆಯ ದಿನವನ್ನು ಶತದಿನೋತ್ಸವವೆಂದು ಆಚರಿಸುವುದೂ ಉಂಟು. ನೂರು ದಿನ ಓಡಿದ ಚಿತ್ರಕ್ಕೆ ಮೆರವಣಿಗೆ ಮಾಡುವ ನಾಡು ನಮ್ಮದು. ನೂರು ದಿನ ನಿಂತ ಮನುಷ್ಯನಿಗೆ ಒಂದು ಹಾರ ಹೆಚ್ಚಲ್ಲ. ಆಕ್ರನ್ನಿನ ಇಬ್ಬರ ಹೆಸರನ್ನೇ ಕೇಳದ ಜನ, ಅವರು ಕಂಡುಕೊಂಡ ದಾರಿಗೆ ತಮ್ಮಷ್ಟಕ್ಕೆ ಬಂದು ಸೇರಿರುವುದು ನನಗಂತೂ ಸೋಜಿಗ. ಒಂದು ವ್ಯತ್ಯಾಸವಿದೆ. ಅಲ್ಲಿ ಹೆಸರು ಮುಚ್ಚಿಡುವುದು ನಿಯಮ. ಇಲ್ಲಿ ಊರಿಗೆಲ್ಲ ತಿಳಿಯುವಂತೆ ಬಿಡುತ್ತಾರೆ. ಯಾವುದು ಮೇಲೆಂದು ಹೇಳಲಾರೆ. ಎಲ್ಲರಿಗೂ ಎಲ್ಲವೂ ಗೊತ್ತಿರುವ ನಮ್ಮ ಕೇರಿಗಳಲ್ಲಿ ಮುಚ್ಚಿಡುವುದಕ್ಕೆ ಉಳಿದಿರುವುದಾದರೂ ಏನು?

ಮಾವ ಅಂಥ ಒಂದು ಶಿಬಿರಕ್ಕೆ ಹೋದರು. ಒಂದು ವರ್ಷ ನಿಂತರು. ಅದೊಂದು ದುಗ್ಗಮ್ಮನ ಜಾತ್ರೆಯಲ್ಲಿ ಜಾರಿದರು. ಮನೆಯಲ್ಲಿ ಎಲ್ಲ ಮುಗಿಯಿತೆಂದು ಕೈಬಿಟ್ಟೆವು. ಸಮಿತಿಯ ಇಬ್ಬರು, ಒಬ್ಬ ಹಮಾಲ, ಇನ್ನೊಬ್ಬ ಆಟೋದವನು, ಮೂರನೆಯ ದಿನ ಬಂದು, ಬೈಯದೆ, ಬುದ್ಧಿ ಹೇಳದೆ, ಮಾವನನ್ನು ಆಟೋದಲ್ಲಿ ಕೂಡಿಸಿಕೊಂಡು ಹೋಗಿ ಮಂಡಕ್ಕಿ ಮೆಣಸಿನಕಾಯಿ ತಿನ್ನಿಸಿ ಎಂಟು ಗಂಟೆಗೆ ತಂದು ಬಿಟ್ಟರು. ಮರುದಿನವೂ ಬಂದರು. ತಿಂಗಳೊಪ್ಪತ್ತು ಹಾಗೆಯೇ ನಡೆಯಿತು. ಅವರಿಬ್ಬರಿಗೂ ಆ ಹೊತ್ತು ಬೇಕಾಗಿತ್ತೆಂದು ಮಾವ ಆಮೇಲೆ ನಕ್ಕು ಹೇಳಿದರು.

ಇಷ್ಟೆಲ್ಲದರಲ್ಲಿ ಅತ್ತೆಗೆ ಸಂಘವೊಂದು ಸಿಕ್ಕಲಿಲ್ಲ. ಈ ಭಾಗದ ಚರಿತ್ರೆಯಲ್ಲಿ ಹೆಂಗಸರು ಒಟ್ಟಾಗಿ ಕಾಣಿಸಿಕೊಂಡದ್ದು ಬೇರೆ ರೀತಿಯಲ್ಲಿ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು, ರಾಯಚೂರು ಕಡೆಯವರೇ ಹೆಚ್ಚು, ಮದ್ಯನಿಷೇಧ ಬೇಕೆಂದು ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದರು. ಸುಮಾರು 200 ಕಿಲೋಮೀಟರ್ ದೂರದ ಆ ನಡಿಗೆ ಹೊರಟದ್ದು ಚಿತ್ರದುರ್ಗದಿಂದ. ತುರುವನೂರಿನ ಕೊಡಲಿಗೆ ಆಗ 80 ವರ್ಷ. ಅವರು ಕೇಳಿದ ನಿಷೇಧ ಬರಲಿಲ್ಲ. ಪಾನನಿರೋಧದ ಚರಿತ್ರೆಯನ್ನು ಓದಿದವನಾಗಿ ಬಂದಿದ್ದರೂ ಏನಾಗುತ್ತಿತ್ತೆಂದು ನನಗೆ ಸಂದೇಹವಿದೆ. ಆದರೆ ಅಷ್ಟು ದೂರ ಜೊತೆಯಾಗಿ ನಡೆದ ಹನ್ನೆರಡು ದಿನ ಯಾವ ಹೆಂಗಸೂ ತನ್ನ ಮನೆಯ ಗುಟ್ಟನ್ನು ಒಬ್ಬಳೇ ಹೊತ್ತಿರಲಿಲ್ಲ.

ಈಗ ದೂರವಾಣಿಯಲ್ಲಿಯೂ ದಾರಿ ಕೇಳಬಹುದು. ವ್ಯಸನದ ವಿಚಾರಕ್ಕೆ 14446, ಮನಸ್ಸಿನ ಯಾವುದೇ ಸಂಕಟಕ್ಕೆ 14416. ಎರಡಕ್ಕೂ ಹಣವಿಲ್ಲ, ಹೆಸರು ಹೇಳಬೇಕಾದ ಬಲವಂತವೂ ಇಲ್ಲ. ಎರಡನೆಯದು 2022ರ ಅಕ್ಟೋಬರಿನಲ್ಲಿ ಆರಂಭವಾದದ್ದು. ಕುಡಿಯುವವನೇ ಮಾತನಾಡಬೇಕೆಂದಿಲ್ಲ, ಮನೆಯವರೂ ಮಾತನಾಡಬಹುದು. ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಅತ್ತೆಗೆ ಕೊಟ್ಟಿದ್ದೆ. ಮೊನ್ನೆ ಹೋದಾಗ ಕೇಳಿದರೆ, ಹಿಂದಿನ ಬೀದಿಯ ಹುಡುಗಿಯೊಬ್ಬಳಿಗೆ ಕೊಟ್ಟುಬಿಟ್ಟೆ, ಇನ್ನೊಂದು ಬರೆದುಕೊಡು ಎಂದರು.